ನುಂಗಪ್ಪನಿಗೆ ಬಿದ್ದ ಕಣ್ಣು

ಯಾವ ಯಂತ್ರವೂ ತಾನಾಗಿ ಕೆಡುವುದಿಲ್ಲ, ಯಾರೋ ಒಬ್ಬರು ಕೆಡಿಸಿರುತ್ತಾರೆ ಎಂದು ನಂಬಿಕೊಂಡೇ ಹೊಟ್ಟೆ ಹೊರೆದವನು ನಾನು. ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋಯಿತೆಂದು ಯಾರಾದರೂ ಹೊತ್ತು ತಂದರೆ, ಮೊದಲು ಮೋಟಾರನ್ನಲ್ಲ, ತಂದವನ ಮುಖವನ್ನು ನೋಡುತ್ತೇನೆ. ಎರಡು ಫೇಸಿನಲ್ಲಿ ಓಡಿಸಿದನೋ, ಬಾವಿಯಲ್ಲಿ ನೀರಿಲ್ಲದಾಗ ಓಡಿಸಿದನೋ ಎಂಬುದು ಅಲ್ಲೇ ಅರ್ಧ ಗೊತ್ತಾಗುತ್ತದೆ. ಇದನ್ನು ನನ್ನ ಹೆಂಡತಿ ರೋಗ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತೇನೆ.

ಎಚ್.ಡಿ. ಕೋಟೆಗೆ ಮೊಬೈಲ್ ಫೋನು ಆಗಷ್ಟೇ ಬಂದಿದ್ದ ಕಾಲ ಅದು. ಪೇಟೆಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಅದರ ಜೊತೆಗೆ ಅಂತರಸಂತೆಯಿಂದಾಚೆ, ಕಾಡಂಚಿನಲ್ಲಿ ಹಿನ್ನೀರಿನ ದಡದಲ್ಲಿದ್ದ ಒಂದು ರೆಸಾರ್ಟಿನ ಯಂತ್ರಗಳನ್ನು ನೋಡಿಕೊಳ್ಳುವ ಗುತ್ತಿಗೆಯೂ ಸಿಕ್ಕಿತ್ತು. ಪಂಪು, ಜನರೇಟರು, ಫ್ರಿಜ್ಜು ಎಲ್ಲ ನನಗೆ ಪರಿಚಯದವೇ. ಪರಿಚಯವಿಲ್ಲದ್ದು ಒಂದೇ ಒಂದು ಬಂತು. ಅಡುಗೆಮನೆಯ ಸಿಂಕಿನ ಕೆಳಗೆ ನೇತುಹಾಕುವ, ಮುಸುರೆಯನ್ನೆಲ್ಲ ಅರೆದು ನೀರಿನೊಂದಿಗೆ ಕೊಳವೆಗೆ ಬಿಡುವ ಫಾರಿನ್ ಯಂತ್ರ.

ಅದನ್ನು ತರಿಸಿದ್ದಕ್ಕೆ ಕಾರಣವಿತ್ತು. ಮಿಕ್ಕ ಅನ್ನ ಸಾರುಗಳನ್ನು ಹಿಂದಿನ ಗುಂಡಿಗೆ ಸುರಿದರೆ ವಾಸನೆ ಹಿಡಿದು ಕಾಡುಹಂದಿಗಳು ಬರುತ್ತಿದ್ದವು. ಒಂದು ಸಲ ಆನೆಯೂ ಬಂದು ಬೇಲಿ ಮುರಿದು, ಅತಿಥಿಗಳ ಕಾಟೇಜಿನ ಮುಂದೆ ಲದ್ದಿ ಹಾಕಿ ಹೋಗಿತ್ತು. ಹೀಗಾಗಿ ಮಾಲೀಕರು ಹೊರಗೆ ಒಂದು ಅಗುಳೂ ಬೀಳಬಾರದೆಂದು ಈ ಯಂತ್ರ ತರಿಸಿದರು. ಅಡುಗೆಮನೆಯವರು ಅದಕ್ಕೆ ನುಂಗಪ್ಪ ಎಂದು ಹೆಸರಿಟ್ಟರು.

ನುಂಗಪ್ಪನ ಹೊಟ್ಟೆಯೊಳಗೆ ಎಲ್ಲರೂ ಅಂದುಕೊಂಡಂತೆ ಬ್ಲೇಡು ಇರುವುದಿಲ್ಲ. ಒಂದು ಉಕ್ಕಿನ ತಟ್ಟೆ ಗಿರ್ರೆಂದು ತಿರುಗುತ್ತದೆ. ಅದರ ಮೇಲೆ ಎರಡು ಗಟ್ಟಿ ತುಂಡುಗಳು ಸಡಿಲವಾಗಿ ಕೂತಿರುತ್ತವೆ. ತಟ್ಟೆ ತಿರುಗಿದಾಗ ಅವು ಮುಸುರೆಯನ್ನು ಸುತ್ತಲಿನ ಹಲ್ಲಿನ ಬಳೆಗೆ ಬಡಿದು ತೇಯುತ್ತವೆ. ಕೆಳಗಡೆ ಮೋಟಾರು. ಮೋಟಾರಿನ ಬುಡದಲ್ಲಿ ಒಂದು ಕೆಂಪು ಗುಂಡಿ, ನಡುವೆ ಆರು ಮೂಲೆಯ ಒಂದು ತೂತು. ಯಂತ್ರ ಸಿಕ್ಕಿಹಾಕಿಕೊಂಡರೆ ಮೊದಲು ಕರೆಂಟು ತೆಗೆಯಬೇಕು. ಆ ತೂತಿಗೆ ಅಲೆನ್ ಕೀ ತೂರಿಸಿ ಎಡಕ್ಕೆ ಬಲಕ್ಕೆ ಆಡಿಸಬೇಕು. ಸಡಿಲವಾದ ಮೇಲೆ ಇಕ್ಕಳದಿಂದ ಕಸ ತೆಗೆದು, ಕೆಂಪು ಗುಂಡಿ ಒತ್ತಿ, ತಣ್ಣೀರು ಬಿಟ್ಟು ಚಾಲೂ ಮಾಡಬೇಕು. ಬಿಸಿನೀರು ಬಿಡಬಾರದು, ಜಿಡ್ಡು ಕರಗಿ ಮುಂದೆ ಹೋಗಿ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ನಾರಿನ ಪದಾರ್ಥವನ್ನಂತೂ ಹಾಕಲೇಬಾರದು. ಇಷ್ಟನ್ನೂ ನಾನು ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದೆ.

ಹೇಳಿದ ವಾರವೇ ನುಂಗಪ್ಪ ನಿಂತ. ಬಿಚ್ಚಿದರೆ ಒಳಗೆ ನುಗ್ಗೆಕಾಯಿಯ ಸಿಪ್ಪೆ, ಬಾಳೆದಿಂಡಿನ ನಾರು. ಅದು ಮುಖ್ಯ ಬಾಣಸಿಗನ ಕೈವಾಡ. ಅವನು ವಯನಾಡಿನ ಕಡೆಯವನು. ಕೇಳಿದರೆ, "ಎಂತಾ ಮೇಸ್ತ್ರೀ, ಮಿಷಿನ್ ಅಂದ್ರೆ ಎಲ್ಲಾ ತಿನ್ಬೇಕಲ್ಲಾ?" ಎಂದು ನಕ್ಕ. ಆದರೆ ಮ್ಯಾನೇಜರು ಬೈದದ್ದು ಅವನನ್ನಲ್ಲ, ಸಿಂಕಿನ ಮುಂದೆ ನಿಂತಿದ್ದ ಪಾತ್ರೆ ತೊಳೆಯುವ ಹೆಂಗಸನ್ನು. ಅಂತರಸಂತೆಯ ಪಕ್ಕದ ಹಳ್ಳಿಯವಳು, ಐವತ್ತರ ಮೇಲೆ ವಯಸ್ಸು, ಒಂದೆಕರೆ ಮಳೆಯಾಶ್ರಯದ ಹೊಲ. ಗಂಡ ಹಾಸಿಗೆ ಹಿಡಿದಿದ್ದ. ಈ ಕೆಲಸವೇ ಮನೆಗೆ ಆಧಾರ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಬೈಸಿಕೊಂಡು ತಲೆ ತಗ್ಗಿಸಿ ನಿಂತಳೇ ಹೊರತು ಬಾಣಸಿಗನ ಹೆಸರೆತ್ತಲಿಲ್ಲ. ಅದೇ ನನಗೆ ಮೊದಲ ಅನುಮಾನ. ತಪ್ಪಿಲ್ಲದವಳು ಸುಮ್ಮನೆ ಯಾಕೆ ಬೈಸಿಕೊಳ್ಳುತ್ತಾಳೆ?

ಆಮೇಲೆ ಶುರುವಾಯಿತು ಕಾಟ. ನುಂಗಪ್ಪ ಒಂದೆರಡು ದಿನ ಚೆನ್ನಾಗಿ ಓಡುವುದು, ಬೆಳಗ್ಗೆ ಎದ್ದು ಸ್ವಿಚ್ಚು ಒತ್ತಿದರೆ ಗುಂಯ್ ಎಂದು ನಿಂತುಬಿಡುವುದು. ರೆಸಾರ್ಟಿನಿಂದ ಅಂಗಡಿಗೆ ಫೋನು. ನಾನು ಬೈಕೇರಿ ಹಂಪಾಪುರದ ಕಡೆಯ ಕೆಲಸ ಬಿಟ್ಟು ಓಡುವುದು.

ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟೆ. ನಮ್ಮ ಕಡೆ ಬೆಳಗಿನ ಹೊತ್ತು ಎಲ್ಲರೂ ಪಂಪ್‌ಸೆಟ್ ಹಾಕಿದರೆ ವೋಲ್ಟೇಜು ನೆಲ ಹಿಡಿಯುತ್ತದೆ, ಮೋಟಾರು ಗುಂಯ್ಗುಟ್ಟುತ್ತದೆ, ತಿರುಗುವುದಿಲ್ಲ. ಮೀಟರು ಹಿಡಿದು ನೋಡಿ, ಸ್ಟೆಬಿಲೈಜರ್ ಹಾಕಿಸಿದೆ. ಆದರೂ ನಿಂತ. ಆಮೇಲೆ ಕೊಳವೆ. ಸಿಬ್ಬಂದಿಯ ಊಟದ ರಾಗಿಮುದ್ದೆ ಮಿಕ್ಕಿದ್ದೆಲ್ಲ ಅದರೊಳಗೆ ಹೋಗಿ, ಬಾಗಿನಲ್ಲಿ ಅಂಟಿನ ಹಾಗೆ ಕೂತಿತ್ತು. ಬಾಗು ಬಿಚ್ಚಿ ತಂತಿ ಹಾಕಿ ತೆಗೆದೆ. ಮುದ್ದೆ ಹಾಕಬೇಡಿ ಎಂದೆ. ಆದರೂ ನಿಂತ.

ಮೂರನೆಯ ಸಲ ಇಡೀ ಯಂತ್ರವನ್ನೇ ಇಳಿಸಿ, ಹಿಂದಿನ ಜಗುಲಿಯಲ್ಲಿ ಗೋಣಿಚೀಲ ಹಾಸಿಕೊಂಡು ಬಿಚ್ಚಿದೆ. ತಟ್ಟೆಗೂ ಬಳೆಗೂ ನಡುವಿನ ಸಣ್ಣ ಸಂದಿನಲ್ಲಿ ಬೆರಳುದ್ದದ ಕಡ್ಡಿಯ ಚೂರುಗಳು ಬೆಣೆಯ ಹಾಗೆ ಕೂತಿದ್ದವು. ಜೊತೆಗೆ ಒಣಮೆಣಸಿನಕಾಯಿಯ ಕೆಂಪು ಸಿಪ್ಪೆ. ತಟ್ಟೆಯ ಅಂಚಿನಲ್ಲಿ ಉಪ್ಪಿನ ಬಿಳಿ ಕರೆ.

ಕಡ್ಡಿ ಎಂದ ಕೂಡಲೇ ಬಾಣಸಿಗ ನೆನಪಾದ. ಕೋಳಿ ಸುಡಲು ಅವನು ಬಿದಿರು ಕಡ್ಡಿ ಬಳಸುತ್ತಿದ್ದ. ಒಂದು ಬಿದಿರು ಕಡ್ಡಿ ತಂದು ಪಕ್ಕದಲ್ಲಿಟ್ಟು ನೋಡಿದೆ. ಬಿದಿರು ಸೀಳುತ್ತದೆ, ಬಾಗುವುದಿಲ್ಲ. ಇದು ಬಾಗುತ್ತಿತ್ತು, ಒಂದು ತುದಿ ಸಣ್ಣಗಾಗುತ್ತ ಬಂದಿತ್ತು. ಹಳ್ಳಿಯಲ್ಲಿ ಹುಟ್ಟಿದವನಿಗೆ ಅದು ಏನೆಂದು ಯಾರೂ ಹೇಳಬೇಕಿಲ್ಲ. ತೆಂಗಿನ ಪೊರಕೆಯ ಕಡ್ಡಿ. ಅದೂ ಬಿದ್ದದ್ದಲ್ಲ, ಒಂದೇ ಅಳತೆಗೆ ಮುರಿದು ಹಾಕಿದ್ದು. ಇಷ್ಟು ಸಾಕು, ಇದು ಬೇಕೆಂದೇ ಮಾಡಿದ ಕೆಲಸ ಎಂದು ನಾನು ತೀರ್ಮಾನಿಸಿದೆ.

ಮ್ಯಾನೇಜರಿಗೆ ಹೇಳಿದೆ. ಮೈಸೂರಿನವರು, ಮಾತು ಮೆತ್ತಗೆ, ಮನಸ್ಸು ಮೆತ್ತಗಲ್ಲ.

"ನನಗೆ ಮೊದಲೇ ಗೊತ್ತಿತ್ತು ಕಣ್ರೀ," ಎಂದರು. "ಮಿಷಿನ್ ನಿಂತ ದಿನ ಮುಸುರೆ ಎಲ್ಲಾ ಕ್ಯಾನಿಗೆ ತುಂಬಿಸಿ ಆ ಹೆಂಗಸಿನ ಕೈಲಿ ಕಳಿಸ್ತೀವಿ. ಅವಳ ಮನೇಲಿ ಎಮ್ಮೆ ಇದೆ. ಮಿಷಿನ್ ಬರೋಕೆ ಮುಂಚೆ ದಿನಾ ಗಂಜಿ ತರಕಾರಿ ತಗೊಂಡ್ ಹೋಗ್ತಿದ್ಲು. ಈಗ ಅದು ತಪ್ಪಿತು. ಲೆಕ್ಕ ಸರಿ ಹೋಯ್ತಲ್ಲ?"

ಸರಿಯೇ ಹೋಯಿತು. ನಮ್ಮ ಕಡೆ ಅಕ್ಕಿ ತೊಳೆದ ನೀರು, ಮಿಕ್ಕ ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿಸಿ ದನಕ್ಕಿಡುವ ಕಲಗಚ್ಚೆಂದರೆ ಹೆಂಗಸರಿಗೆ ಎಷ್ಟು ಮುಖ್ಯ ಎಂದು ನನಗೂ ಗೊತ್ತು. ಅದಕ್ಕಾಗಿ ಅಕ್ಕಪಕ್ಕದ ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾನೇ ನೋಡಿದ್ದೇನೆ.

"ಮುಂದಿನ ವಾರ ಮಾಲೀಕರು ಬರ್ತಾರೆ. ಅಷ್ಟರಲ್ಲಿ ಕೈಯಾರೆ ಹಿಡಿದು ಕೊಡಿ. ಬೇರೆ ಹೆಂಗಸನ್ನ ನೋಡಿ ಇಟ್ಟಿದ್ದೀನಿ. ಅಲ್ಲೀವರೆಗೂ ಅವಳ ಮೇಲೆ ಒಂದು ಕಣ್ಣಿಡಿ," ಎಂದರು ಮ್ಯಾನೇಜರು.

ಬಾಗಿಲು ತೆರೆದೇ ಇತ್ತು. ಹೊರಗೆ ಪಾತ್ರೆಯ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಕಣ್ಣಿಡುವ ಕೆಲಸ ನನಗೆ ಹೇಳಿಕೊಡಬೇಕಿರಲಿಲ್ಲ. ಯಂತ್ರವನ್ನು ಜೋಡಿಸಿ ಅದರ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕೂತೆ. ಅವಳು ಪಾತ್ರೆ ತಿಕ್ಕುವುದು, ತಟ್ಟೆ ಬಳಿಯುವುದು, ಸ್ವಿಚ್ಚು ಒತ್ತುವುದು, ಎಲ್ಲ ನೋಡಿದೆ. ನುಂಗಪ್ಪನ ಬಾಯಿಯ ರಬ್ಬರು ಎತ್ತಿ ಟಾರ್ಚು ಬಿಟ್ಟು ನೋಡಿದೆ. ಅವಳು ಎಲ್ಲವನ್ನೂ ಶಿಸ್ತಾಗಿ ಮಾಡುತ್ತಿದ್ದಳು. ಮೊದಲು ತಣ್ಣೀರು, ಆಮೇಲೆ ಸ್ವಿಚ್ಚು, ಸ್ವಲ್ಪಸ್ವಲ್ಪವೇ ಮುಸುರೆ. ನಾನು ಹೇಳಿಕೊಟ್ಟದ್ದನ್ನು ಅಷ್ಟು ಸರಿಯಾಗಿ ಪಾಲಿಸುತ್ತಿದ್ದವಳು ಇಡೀ ಅಡುಗೆಮನೆಯಲ್ಲಿ ಅವಳೊಬ್ಬಳೇ. ಅದರಿಂದಲೂ ನನ್ನ ಅನುಮಾನ ಹೆಚ್ಚಿತು. ಕಳ್ಳರೇ ಅಲ್ಲವೇ ಇಷ್ಟು ನೀಟಾಗಿ ಇರುವುದು?

"ಯಾಕ್ ಮೇಸ್ತ್ರಪ್ಪ ಇಂಗೆ ಕುಂತಿದ್ದೀರಿ? ಕಾಪಿ ಕುಡೀರಿ," ಎಂದಳು.

"ಮಿಷಿನ್ ನೋಡ್ತಿದ್ದೀನಿ ಕಣಕ್ಕ."

"ಎಷ್ಟೊತ್ತು ಅಂತ ನೋಡೀರಿ, ಅದೂ ಪಾಪ," ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಹೋದಳು.

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಮಂಗಳವಾರ ಬೆಳಗ್ಗೆ ಅಂಗಡಿಯಲ್ಲಿ ಕೂತು ಯೋಚಿಸುವಾಗ ಇನ್ನೊಂದು ಸಂಗತಿ ಹೊಳೆಯಿತು. ನುಂಗಪ್ಪ ನಿಂತದ್ದೆಲ್ಲ ಬುಧವಾರ ಇಲ್ಲವೇ ಶನಿವಾರ ಬೆಳಗ್ಗೆ. ಶುಕ್ರವಾರ ಅತಿಥಿಗಳು ಹೆಚ್ಚು, ಮುಸುರೆ ಹೆಚ್ಚು, ಅದು ಸರಿ. ಮಂಗಳವಾರ ಏನು ಹೆಚ್ಚು? ಅವತ್ತೇ ಸಂಜೆಗೆ ಮುಂಚೆ ರೆಸಾರ್ಟಿಗೆ ಹೋಗಿ, ಯಾರಿಗೂ ಹೇಳದೆ ಅಡುಗೆಮನೆಯ ಪಕ್ಕದ ದಿನಸಿ ಕೋಣೆಗೆ ಸೇರಿಕೊಂಡೆ. ಮೆಣಸಿನಕಾಯಿ ಮೂಟೆಯ ಪಕ್ಕದಲ್ಲಿ ಸೀನು ತಡೆದುಕೊಂಡು, ಬಾಗಿಲ ಸಂದಿಯಿಂದ ಕಣ್ಣು ಹಾಯಿಸಿ ನಿಂತೆ.

ದೀಪ ಹಚ್ಚುವ ಹೊತ್ತು. ಬಾಣಸಿಗ ಬೀಡಿ ಸೇದಲು ಹೊರಗೆ ಹೋದ. ಅವಳು ಕೈ ತೊಳೆದುಕೊಂಡು ಸುತ್ತ ನೋಡಿದಳು. ಮೂಲೆಯ ಪೊರಕೆಯಿಂದ ಕಡ್ಡಿ ಎಳೆದು ಮುರಿದಳು. ಅದೇ ಅಳತೆ. ಸಿಕ್ಕಿಬಿದ್ದಳು ಎಂದು ನನಗೆ ಖುಷಿಯಾಯಿತು. ಡಬ್ಬಿಯಿಂದ ಒಂದು ಹಿಡಿ ಕಲ್ಲುಪ್ಪು, ಸೆರಗಿನ ಗಂಟಿನಿಂದ ಒಣಮೆಣಸಿನಕಾಯಿ. ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದಳು. ಹಿಡಿದ ಮುಷ್ಟಿಯನ್ನು ಸಿಂಕಿನ ಮೇಲೆ ಸುತ್ತು ಬರಿಸತೊಡಗಿದಳು.

"ನಾಯಿ ಕಣ್ಣು, ನರಿ ಕಣ್ಣು, ಓದೋರ ಕಣ್ಣು, ಬಂದೋರ ಕಣ್ಣು..."

ನನಗೆ ನಗು ಬಂತು. ನನ್ನ ತಾಯಿ ನನಗೆ ದೃಷ್ಟಿ ತೆಗೆಯುತ್ತಿದ್ದದ್ದೂ ಹೀಗೆಯೇ, ಮಂಗಳವಾರ ಶುಕ್ರವಾರಗಳಂದೇ. ಅಷ್ಟರಲ್ಲಿ ಅವಳ ದನಿ ಸ್ವಲ್ಪ ಗಟ್ಟಿಯಾಯಿತು.

"...ಮೇನೇಜರ್ ಕಣ್ಣು, ಅಡುಗೆಯವನ ಕಣ್ಣು, ಆ ಮೇಸ್ತ್ರಿ ಕೆಟ್ ಕಣ್ಣು, ಎಲ್ಲಾ ಅರದು ಪುಡಿಪುಡಿ ಆಗೋಗ್ಲಿ. ಥೂ, ಥೂ, ಥೂ."

ಮುಷ್ಟಿಯಲ್ಲಿದ್ದದ್ದನ್ನೆಲ್ಲ ನುಂಗಪ್ಪನ ಬಾಯಿಗೆ ಹಾಕಿ, ತಣ್ಣೀರು ಬಿಟ್ಟು, ಸ್ವಿಚ್ಚು ಒತ್ತಿದಳು. ಕಟಕಟ ಎಂದು ಕಡ್ಡಿ ಮುರಿಯುವ ಸದ್ದಾಯಿತು.

ನಾನು ಬಾಗಿಲು ದೂಡಿಕೊಂಡು ಹೊರಬಂದೆ. "ನಿಲ್ಲಿಸಕ್ಕ!"

ಅವಳು ಬೆಚ್ಚಿ ಸ್ವಿಚ್ಚು ತೆಗೆದಳು. ಓಡಲಿಲ್ಲ, ಅಳಲಿಲ್ಲ.

"ಏನಕ್ಕ ಇದು? ಕಡ್ಡಿ ಹಾಕಿ ಮಿಷಿನ್ ಕೆಡಿಸ್ತಿದ್ದೀಯಲ್ಲ?"

"ಕೆಡಸ್ತಾ ಇದ್ದೀನಾ? ನಾನಾ?" ಅವಳ ಮುಖ ಕೆಂಪಗಾಯಿತು. "ಇದು ಕೆಟ್ಟೋದಾಗ್ಲೆಲ್ಲ ಎಲ್ರೂ ನೋಡೋದು ನನ್ ಮಕನ. ಇದು ನೆಟ್ಟಗೆ ಓಡುದ್ರೆ ತಾನೆ ನನ್ ಕೆಲ್ಸ ಉಳಿಯೋದು? ಅದ್ಕೆ ದಿಷ್ಟಿ ತೆಗೀತಾ ಇದ್ದೀನಿ. ಮೊದ್ಲು ಒಂದ್ ದಪ ಕೆಟ್ತಲ್ಲ, ಅವತ್ತಿಂದ ವಾರ ತಪ್ಪುಸಿಲ್ಲ."

"ದೃಷ್ಟಿ ತೆಗೆದರೆ ಒಲೆಗೆ ಹಾಕಬೇಕು. ಇದರೊಳಗೆ ಯಾಕೆ ಹಾಕ್ದೆ?"

"ಒಲೆ ಎಲ್ಲೈತೆ ತೋರ್ಸಿ. ಇಲ್ಲಿರೋದೆಲ್ಲ ಗ್ಯಾಸು. ಮೊದ್ಲು ಅದ್ರುರಿಗೇ ಆಕಿದ್ದೆ. ಗಾಟು ಎದ್ದು ಊಟ ಮಾಡ್ತಿದ್ದ ಬಿಳಿ ಜನ ಎಲ್ಲಾ ಕೆಮ್ಕೊಂಡು ಈಚೆಗೆ ಓಡುದ್ರು. ಮೇನೇಜರು ಇನ್ನೊಂದು ದಪ ಗಾಟು ಬಂದ್ರೆ ಕೆಲ್ಸ ಇಲ್ಲ ಅಂದ್ರು. ನಾರು ಆಕ್ಬ್ಯಾಡಿ ಅಂದ್ರಿ, ಕಡ್ಡಿ ಅನ್ಲಿಲ್ಲ. ಮಿಕ್ಕಿದ್ದೇನ್ ಕೊಟ್ರೂ ನುಣ್ಣಗೆ ಮಾಡಿ ಕಳುಸ್ತದೆ ಅಂತ ನೀವೇ ಏಳಿದ್ರಲ್ಲ. ದಿಷ್ಟೀನೂ ನುಣ್ಣಗೆ ಮಾಡ್ಲಿ ಅಂತ ಆಕ್ದೆ."

ಯಂತ್ರ ನಿಂತಿತೆಂದು ದೃಷ್ಟಿ ತೆಗೆದಳು, ದೃಷ್ಟಿ ತೆಗೆದದ್ದಕ್ಕೆ ಯಂತ್ರ ನಿಂತಿತು, ನಿಂತಿತೆಂದು ಮತ್ತೆ ತೆಗೆದಳು. ಆದರೂ ನನ್ನ ಅನುಮಾನ ಅಷ್ಟು ಸುಲಭಕ್ಕೆ ಬಗ್ಗುವಂಥದಲ್ಲ.

"ಮತ್ತೆ ಎಮ್ಮೆಗೆ ಕಲಗಚ್ಚು?"

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. "ನೀವೂ ಬೇಸಾಯದ ಮನೇಲೇ ಉಟ್ಟೋರಲ್ವಾ ಮೇಸ್ತ್ರಪ್ಪ? ಕೋಳಿ ಮೂಳೆ, ಮೀನ್ ಮುಳ್ಳು ಬೆರ್ತಿರೋ ಮುಸ್ರೇನ ಯಾರಟ್ಟೀಲಿ ಎಮ್ಮೆಗಿಕ್ತಾರೆ? ನಮ್ಮೆಮ್ಮೆ ಅದ ಮೂಸೂ ನೋಡಕಿಲ್ಲ. ಮೊದ್ಲಾದ್ರೆ ಅಕ್ಕಿ ತೊಳ್ದ ನೀರು, ಸಿಪ್ಪೆ ಬ್ಯಾರೆ ಎತ್ತಿಟ್ಕೊಂಡ್ ಓಯ್ತಿದ್ದೆ. ಈಗ ಮೇನೇಜರು ಎಲ್ಲಾ ಒಂದ್ರಲ್ಲೇ ಸುರ್ದು ತಲೆ ಮೇಲೆ ಒರಸಿ ಕಳುಸ್ತಾರೆ. ಅಷ್ಟು ದೂರ ಒತ್ಕೊಂಡೋಗಿ ತಿಪ್ಪೇಗುಂಡಿಗೆ ಸುರ್ದು ಮಣ್ಣು ಮುಚ್ತೀನಿ. ಮಿಷಿನ್ ಕೆಟ್ರೆ ನಂಗೇನ್ ಸುಖ? ಕತ್ತು ನೋವು, ಅಷ್ಟೇಯ."

ಇದು ನನಗೆ ಹೊಳೆಯಬೇಕಿತ್ತು. ಕಡ್ಡಿಯ ಜಾತಿ ಕಂಡುಹಿಡಿದವನಿಗೆ ಕಲಗಚ್ಚಿನ ಜಾತಿ ಹೊಳೆಯಲಿಲ್ಲ. ಮ್ಯಾನೇಜರು ಎಮ್ಮೆ ಎಂದರು, ನಾನೂ ಎಮ್ಮೆ ಎಂದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವಳ ಮೇಲೆಯೇ ಬಂತು ಎಂದರೆ ನಂಬುತ್ತೀರೋ ಇಲ್ಲವೋ. ಕಳ್ಳಿಯಾಗಿದ್ದಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಮುಗಿಯಲಿಲ್ಲ. ಕಡ್ಡಿ ಹಾಕಿದ್ದು ಅವಳೇ ಎಂಬುದು ನಿಜ. ಅಷ್ಟು ಹೇಳಿದರೆ ಮ್ಯಾನೇಜರಿಗೆ ಸಾಕು, ಮುಂದಿನದನ್ನು ಅವರು ಕೇಳುವುದಿಲ್ಲ. ನಾಳೆಯಿಂದ ಸಿಂಕಿನ ಮುಂದೆ ಬೇರೆ ಹೆಂಗಸು ನಿಲ್ಲುತ್ತಾಳೆ. ಹೇಳದೆ ಹೋದರೆ, ಯಂತ್ರ ಮತ್ತೆ ನಿಂತಾಗ ನನ್ನ ಗುತ್ತಿಗೆ ಹೋಗುತ್ತದೆ. ಅಲೆನ್ ಕೀ ಹಾಕಿ ತಟ್ಟೆ ಆಡಿಸಿ, ಇಕ್ಕಳದಿಂದ ಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತ ಇದನ್ನೇ ಯೋಚಿಸಿದೆ. ಅವಳು ಟಾರ್ಚು ಹಿಡಿದು ನಿಂತಿದ್ದಳು.

"ಮೇನೇಜರಿಗೆ ಏಳ್ಬುಡ್ತೀರಾ ಮೇಸ್ತ್ರಪ್ಪ?" ಎಂದಳು ಕೊನೆಗೆ.

"ದೃಷ್ಟಿ ತೆಗೆಯೋದು ಬಿಡ್ತೀಯಾ?"

"ಕಣ್ ಬೀಳೋದು ನಿಂತ್ರೆ ಬುಡ್ತೀನಿ."

ಕೆಲಸ ಹೋಗುವ ಹೊತ್ತಿನಲ್ಲೂ ಅವಳು ಸುಳ್ಳು ಹೇಳಲಿಲ್ಲ. ಅಲ್ಲೇ ನಾನು ತೀರ್ಮಾನ ಮಾಡಿದೆ. ಅವಳನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಕಾಟೇಜುಗಳಿಗೆ ಸ್ನಾನದ ನೀರು ಕಾಯಿಸುವ ಸೌದೆ ಬಾಯ್ಲರು ಅಲ್ಲಿತ್ತು, ಊಟದ ಕೋಣೆಯಿಂದ ದೂರ, ಎತ್ತರದ ಹೊಗೆ ಕೊಳವೆ. "ಇದೂ ಒಲೇನೇ. ಇನ್ನು ಮೇಲೆ ಇಲ್ಲಿಗೆ ಹಾಕು. ಅದರೊಳಗೆ ಒಂದು ಕಡ್ಡಿ ಸಿಕ್ಕಿದರೂ ನಾನೇ ಹೋಗಿ ಹೇಳ್ತೀನಿ," ಎಂದೆ.

ಮರುದಿನ ಆ ಪೊರಕೆಯನ್ನು ತೆಗೆದುಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಇದೇ ಸಾರ್ ಕಳ್ಳ. ಇದರ ಕಡ್ಡಿ ಒಳಗೆ ಹೋಗ್ತಿತ್ತು. ಅಡುಗೆಮನೇಲಿ ತೆಂಗಿನ ಪೊರಕೆ ಇರಬಾರದು, ಪ್ಲಾಸ್ಟಿಕ್ ಬ್ರಷ್ ತರಿಸಿ."

"ಪೊರಕೆ ತಾನಾಗೇ ನಡ್ಕೊಂಡು ಹೋಗಿ ಸಿಂಕಿಗೆ ಬೀಳುತ್ತಾ? ಯಾರು ಹಾಕಿದ್ದು ಹೇಳ್ರೀ."

"ಯಾರೂ ಕೆಡಿಸೋಕೆ ಹಾಕಿಲ್ಲ. ಇನ್ನೊಂದು ಸಲ ಕಡ್ಡಿಯಿಂದ ನಿಂತರೆ ನನ್ನ ಗುತ್ತಿಗೆ ತೆಗೆದುಬಿಡಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಸುಟ್ಟ ಮೋಟಾರು ತಂದವರನ್ನು ನೋಡುವ ನೋಟವೇ ಅದು. ಅದನ್ನು ಎದುರಿಗೆ ಕೂತು ಅನುಭವಿಸಿದ್ದು ಅದೇ ಮೊದಲು, ಹಿತವಾಗಿರಲಿಲ್ಲ. ಕೊನೆಗೆ, "ಆಯ್ತು, ಮಾಲೀಕರು ಬಂದು ಹೋಗ್ಲಿ," ಎಂದರು.

ಮಾಲೀಕರು ಬಂದ ಶನಿವಾರ ಬೆಳಗ್ಗೆ, ಅವರು ಅಡುಗೆಮನೆಗೆ ಕಾಲಿಡುವ ಮುಂಚೆ, ನುಂಗಪ್ಪ ನಿಂತ. ಅವಳ ಕಡೆ ನೋಡಿದೆ. "ದ್ಯಾವ್ರಾಣೆ ನಾನಲ್ಲ," ಎಂದು ಎರಡೂ ಕೈ ತೋರಿಸಿದಳು. ನಾನು ನಂಬಲಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕೀ ಹಾಕಿ ಆಡಿಸಿದರೆ ಗಟ್ಟಿಯಾಗಿ ಹಿಡಿದಿತ್ತು. ಬಾಗಿಲಲ್ಲಿ ಮಾಲೀಕರು, ಅವರ ಹಿಂದೆ ಮ್ಯಾನೇಜರು ನಿಂತಿದ್ದರು. ಇಕ್ಕಳ ತೂರಿಸಿ ಎಳೆದೆ. ಜಜ್ಜಿಹೋದ ಸೋಡಾ ಬಾಟಲಿಯ ಮುಚ್ಚಳ ಬಂತು. ಹಿಂದಿನ ರಾತ್ರಿ ಮಾಲೀಕರಿಗೆಂದು ಮ್ಯಾನೇಜರು ತಾವೇ ಬಾಟಲಿ ತೆಗೆದಿದ್ದರು, ಮುಚ್ಚಳ ಎಂಜಲು ತಟ್ಟೆಯಲ್ಲಿ ಬಂದಿತ್ತು. ನಾನು ಅದನ್ನು ಮ್ಯಾನೇಜರ ಅಂಗೈಗೆ ಹಾಕಿದೆ. ಬೇರೆ ಹೆಂಗಸಿನ ಮಾತು ಆಮೇಲೆ ಬರಲಿಲ್ಲ.

ಮುಂದಿನ ಮಂಗಳವಾರ ಬೇಕೆಂದೇ ದೀಪ ಹಚ್ಚುವ ಹೊತ್ತಿಗೆ ಹೋದೆ. ಅವಳು ಬಾಯ್ಲರಿನ ಮುಂದೆ ನಿಂತಿದ್ದಳು. ಕಡ್ಡಿ, ಉಪ್ಪು, ಮೆಣಸಿನಕಾಯಿ ಹಿಡಿದ ಮುಷ್ಟಿಯಿಂದ ಅಡುಗೆಮನೆಯ ಕಡೆಗೆ ಸುತ್ತು ಬರಿಸಿ, ನಾಯಿ ನರಿಗಳನ್ನೆಲ್ಲ ಹೇಳಿ, ನನ್ನನ್ನು ಕಂಡು ಒಂದು ಗಳಿಗೆ ತಡೆದಳು. ಆಮೇಲೆ ಮೇಸ್ತ್ರಿ ಕಣ್ಣನ್ನೂ ಸೇರಿಸಿ ಬೆಂಕಿಗೆ ಹಾಕಿದಳು. ಉಪ್ಪು ಚಟಪಟ ಎಂದಿತು. ನಾನು ಮೂಗು ಮುಚ್ಚಿಕೊಳ್ಳಲು ಕರವಸ್ತ್ರ ತೆಗೆದೆ.

ಘಾಟೇ ಬರಲಿಲ್ಲ.

ಬಾಯ್ಲರಿನ ಬಾಯಿಗೇ ಬಗ್ಗಿದೆ. ಮೆಣಸಿನಕಾಯಿ ಸುಟ್ಟು ಕರಕಲಾಗುತ್ತಿತ್ತು. ಒಂದು ಸಣ್ಣ ಕೆಮ್ಮೂ ಇಲ್ಲ. ಘಾಟು ಬಂದರೆ ಏನೂ ಇಲ್ಲ, ಬರದಿದ್ದರೆ ಬಿದ್ದ ಕಣ್ಣು ಬಲವಾದದ್ದು ಎಂದು ನಮ್ಮ ತಾಯಿಯೂ ಹೇಳುತ್ತಿದ್ದಳು.

"ನೋಡುದ್ರಾ ಮೇಸ್ತ್ರಪ್ಪ?" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಜ್ವರ ಬಂದವನನ್ನು ವಿಚಾರಿಸುವ ಹಾಗಿತ್ತು.

"ಹೊಗೆ ಕೊಳವೆ ಎಳ್ಕೊಂಡಿರುತ್ತೆ ಬಿಡಕ್ಕ. ಮೆಣಸಿನಕಾಯಿನೂ ಹಳೇದಿರಬೇಕು. ಎಲ್ಲಿ, ಮಿಕ್ಕಿದ್ದು ಕೊಡು ನೋಡೋಣ," ಎಂದೆ.

ಅವಳು ಸೆರಗಿನ ಗಂಟು ಬಿಚ್ಚಿ ಉಳಿದದ್ದನ್ನು ನನ್ನ ಕೈಗೆ ಹಾಕಿದಳು. ಜೇಬಿನಲ್ಲಿಟ್ಟುಕೊಂಡು ಕೋಟೆಗೆ ಬಂದೆ. ಮನೆಯಲ್ಲಿ ಹೆಂಡತಿ ನೀರೊಲೆ ಉರಿಸುತ್ತಿದ್ದಳು. ಅವಳು ಅತ್ತ ತಿರುಗಿದಾಗ ಒಂದೇ ಒಂದು ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದೆ.

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಬೀದಿಗೆ ಓಡಿದಳು. ಪಕ್ಕದ ಮನೆಯವರು ಕೆಮ್ಮುತ್ತ ಕಿಟಕಿ ಹಾಕಿಕೊಂಡರು. "ಏನ್ ಆಕುದ್ರಿ ಒಲೆಗೆ? ನಿಮ್ಗೇನ್ ಬಂತು ದೊಡ್ರೋಗ?" ಎಂದು ಅವಳು ಹೊರಗಿನಿಂದ ಕೂಗುತ್ತಿದ್ದಳು. ನಾನು ಕಣ್ಣಲ್ಲಿ ನೀರು ಸುರಿಸುತ್ತ ಒಲೆಯ ಮುಂದೆಯೇ ಕೂತಿದ್ದೆ. ಮೆಣಸಿನಕಾಯಿಯಲ್ಲಿ ಏನೂ ದೋಷವಿರಲಿಲ್ಲ.